ಫಾರ್ವರ್ಡ್ ಆದ ಫೋಟೊ ಯಾರದ್ದು? ‘ಇದು ನನ್ನದೇ’ ಎಂದು ಸಾಬೀತು ಮಾಡುವುದು ಹೇಗೆ?

1933ರ ನಂತರ ಮೊದಲ ಬಾರಿಗೆ 2022ರ ಸೆಪ್ಟೆಂಬರ್‌ನಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ ಕೋಡಿ ಬಿತ್ತು. ನೋಡಲು ಹೋದವರೆಲ್ಲ ಮೊಬೈಲ್ ಎತ್ತಿದರು. ಚಿತ್ರದುರ್ಗ, ಹೊಸದುರ್ಗ, ಹೊಳಲ್ಕೆರೆ ಎನ್ನದೆ ಎಲ್ಲ ಕಡೆ ವಿಡಿಯೊಗಳು ಹರಿದಾಡಿದವು. ಇಂಥ ಚಿತ್ರಗಳು ನಾಲ್ಕು ಗ್ರೂಪ್ ದಾಟುವಷ್ಟರಲ್ಲಿ ತೆಗೆದವರ ಹೆಸರು ಹೋಗಿ, ಯಾವುದೋ ಪೇಜಿನ ಲೋಗೊ ಬಂದು ಕೂತಿರುತ್ತದೆ. ‘ಅದು ನನ್ನದು’ ಎಂದರೆ ‘ಸಾಕ್ಷಿ ಏನಿದೆ?’ ಎಂದು ಕೇಳುತ್ತಾರೆ. ಈ ಬಗ್ಗೆ ಇರುವ ಕೆಲವು ನಂಬಿಕೆಗಳನ್ನು ನೋಡೋಣ.

‘ನೋಂದಣಿ ಮಾಡಿಸದಿದ್ದರೆ ಹಕ್ಕಿಲ್ಲ’

ಇದು ತಪ್ಪು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕೃತಿ ರೂಪುಗೊಂಡ ಕ್ಷಣದಲ್ಲೇ ಹಕ್ಕು ಹುಟ್ಟುತ್ತದೆ. ಕವಿತೆ, ಕಥೆಗೆ ಅದು ಲೇಖಕರ ಜೀವಿತಾವಧಿ ಮತ್ತು ನಂತರದ 60 ವರ್ಷ ಇರುತ್ತದೆ. ನೋಂದಣಿ ಐಚ್ಛಿಕ. ಆದರೆ ಕಾಯ್ದೆಯ 48ನೇ ಸೆಕ್ಷನ್ ಪ್ರಕಾರ ಅದು ನ್ಯಾಯಾಲಯದಲ್ಲಿ ಮೇಲ್ನೋಟದ ಸಾಕ್ಷ್ಯವಾಗುತ್ತದೆ. ಅರ್ಜಿಯನ್ನು ಆನ್‌ಲೈನ್‌ನಲ್ಲೇ ಹಾಕಬಹುದು.

‘ಹೆಸರಿಲ್ಲದ ಫೋಟೊ ಎಲ್ಲರಿಗೂ ಸೇರಿದ್ದು’

ಇದೂ ತಪ್ಪು. ಹೆಸರು ಅಳಿಸಿಹೋದರೆ ಹಕ್ಕು ಅಳಿಸಿಹೋಗುವುದಿಲ್ಲ. ಹಾಗೆಯೇ ಹಕ್ಕಿಗೂ ಮಿತಿಯಿದೆ: ಕೋಡಿ ಬಿದ್ದ ದೃಶ್ಯ ಯಾರ ಸ್ವತ್ತೂ ಅಲ್ಲ, ನೀವು ತೆಗೆದ ಚಿತ್ರ ಮಾತ್ರ ನಿಮ್ಮದು.

‘ಇಮೇಲ್‌ನಲ್ಲಿ ದಿನಾಂಕ ಇದೆಯಲ್ಲ, ಅಷ್ಟು ಸಾಕು’

ಇದು ಅರ್ಧಸತ್ಯ. ನಿಮಗೆ ನೀವೇ ಕಳಿಸಿಕೊಂಡ ಇಮೇಲ್, ಆ ದಿನ ಆ ಫೈಲು ನಿಮ್ಮ ಬಳಿ ಇತ್ತು ಎಂದಷ್ಟೇ ಹೇಳುತ್ತದೆ. ಅದನ್ನು ಮಾಡಿದವರು ನೀವೇ ಎಂದು ಹೇಳುವುದಿಲ್ಲ. ಬ್ಲಾಕ್‌ಚೈನ್‌ನಲ್ಲಿ ದಾಖಲಿಸಿದರೂ ಅಷ್ಟೇ. ಫೈಲಿನೊಳಗಿನ ದಿನಾಂಕವನ್ನು ಬದಲಾಯಿಸಬಹುದು. ವಾಟ್ಸ್‌ಆ್ಯಪ್‌ನಲ್ಲಿ ಫೋಟೊವಾಗಿ ಕಳಿಸಿದರೆ ಚಿತ್ರ ಕುಗ್ಗುತ್ತದೆ, ಕ್ಯಾಮೆರಾ ದಾಖಲಿಸಿದ ವಿವರಗಳೂ ಹೋಗುತ್ತವೆ.

ಕಾರಂತರ ಉಯಿಲು ಕಲಿಸಿದ ಪಾಠ

ಬರವಣಿಗೆಯ ದಾಖಲೆ ಎಷ್ಟು ಮುಖ್ಯ ಎಂಬುದಕ್ಕೆ ಕನ್ನಡದ್ದೇ ಉದಾಹರಣೆಯಿದೆ. ಶಿವರಾಮ ಕಾರಂತರು 1994ರ ಉಯಿಲಿನಲ್ಲಿ ತಮ್ಮ ಸಾಹಿತ್ಯ ಕೃತಿಗಳ ಹಕ್ಕನ್ನು ಬಿ. ಮಾಲಿನಿ ಮಲ್ಯ ಅವರಿಗೆ ಬರೆದಿದ್ದರು. 2001ರಲ್ಲಿ ದೆಹಲಿಯಲ್ಲಿ ‘ಅಭಿಮನ್ಯು ವಧೆ’ ಪ್ರದರ್ಶನವಾದ ನಂತರ ಕಾರಂತರ ಯಕ್ಷಗಾನ ಬ್ಯಾಲೆಯ ಹಕ್ಕು ಯಾರದು ಎಂಬ ವಿವಾದ ನ್ಯಾಯಾಲಯಕ್ಕೆ ಹೋಯಿತು. 2009ರಲ್ಲಿ ಸುಪ್ರೀಂ ಕೋರ್ಟ್, ಬ್ಯಾಲೆ ಸಾಹಿತ್ಯ ಕೃತಿಯಲ್ಲ, ನಾಟಕೀಯ ಕೃತಿ ಎಂದಿತು. ಆದರೂ ಮಲ್ಯ ಅವರ ಹಕ್ಕು ಉಳಿಯಿತು. ಕಾರಣ, ಬೇರೇನಾದರೂ ಉಳಿದಿದ್ದರೆ ಅದೂ ಅವರಿಗೇ ಎಂಬ ಇನ್ನೊಂದು ಮಾತು ಉಯಿಲಿನಲ್ಲಿತ್ತು. ಶಿಕ್ಷಣ ಸಂಸ್ಥೆಗಳಿಗೆ ಕಾಯ್ದೆ ಕೊಟ್ಟಿರುವ ವಿನಾಯಿತಿಯನ್ನೂ ಕೋರ್ಟ್ ಎತ್ತಿಹಿಡಿಯಿತು. ಸಾಣೇಹಳ್ಳಿಯಂಥ ರಂಗಕೇಂದ್ರವಿರುವ ಹೊಸದುರ್ಗದ ಬರಹಗಾರರು, ಕಲಾವಿದರು ಇದನ್ನು ನೆನಪಿಡಬೇಕು.

ಹಾಗಾದರೆ ಏನು ಮಾಡಬೇಕು?

• ಮೂಲ ಫೈಲನ್ನು ಅಳಿಸಬೇಡಿ. ಮೊಬೈಲ್ ಬಿಟ್ಟು ಇನ್ನೊಂದು ಕಡೆಯೂ ಇಡಿ. ಬೇರೆಯವರಿಗೆ ಮೂಲ ಪ್ರತಿಯನ್ನೇ ಕೊಡಬೇಕಾದರೆ ‘ಡಾಕ್ಯುಮೆಂಟ್’ ಆಗಿ ಕಳಿಸಿ.

• ಕೃತಿ ಹುಟ್ಟಿದ ದಾರಿಯನ್ನು ಉಳಿಸಿಕೊಳ್ಳಿ. ಒಂದೇ ಜಾಗದಲ್ಲಿ ತೆಗೆದ ಹಿಂದಿನ, ಮುಂದಿನ ಫೋಟೊಗಳು, ಹೊಡೆದುಹಾಕಿದ ಸಾಲುಗಳಿರುವ ಕರಡು, ಹಾಡಿನ ಮೊದಲ ರೆಕಾರ್ಡಿಂಗ್ ಎಲ್ಲವೂ ಸಾಕ್ಷಿಯೇ. ಕದ್ದವರ ಬಳಿ ಇವು ಇರುವುದಿಲ್ಲ.

• ಮುಖ್ಯ ಕೃತಿಯ ‘ಹ್ಯಾಶ್’ ಬರೆದಿಡಿ. ಇದು ಫೈಲಿನ ಬೆರಳಚ್ಚು ಇದ್ದ ಹಾಗೆ. ಫೈಲಿನಲ್ಲಿ ಒಂದು ಅಕ್ಷರ ಬದಲಾದರೂ ಹ್ಯಾಶ್ ಬದಲಾಗುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರದಲ್ಲೂ ಇದನ್ನು ನಮೂದಿಸಬೇಕು.

• ಒಪ್ಪಂದವನ್ನು ಬರವಣಿಗೆಯಲ್ಲಿ ಮಾಡಿಕೊಳ್ಳಿ. ಮದುವೆ ಫೋಟೊಗ್ರಾಫರುಗಳು ಗಮನಿಸಬೇಕು: ಬೇರೆ ಒಪ್ಪಂದ ಇಲ್ಲದಿದ್ದರೆ, ದುಡ್ಡು ಕೊಟ್ಟು ತೆಗೆಸಿದವರೇ ಆ ಫೋಟೊಗಳ ಮೊದಲ ಹಕ್ಕುದಾರರು.

• ಕೃತಿ ಕದ್ದಿದ್ದು ಕಂಡರೆ ಮೊದಲು ದಿನಾಂಕ, ಲಿಂಕ್ ಸಹಿತ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ನಂತರ ಆ ಜಾಲತಾಣಕ್ಕೆ ಲಿಖಿತ ದೂರು ಕೊಡಿ.

ಕೊನೆಗೆ, ನಾವೂ ಹೆಸರಿಲ್ಲದ ಫೋಟೊಗಳನ್ನು ಫಾರ್ವರ್ಡ್ ಮಾಡಿದವರೇ. ಮುಂದಿನ ಸಲ ಚಂದದ ಚಿತ್ರ ಬಂದಾಗ ‘ಯಾರು ತೆಗೆದಿದ್ದು?’ ಎಂದು ಕಳಿಸಿದವರನ್ನು ಕೇಳಿ. ಹೆಸರು ಸಿಕ್ಕರೆ ಸೇರಿಸಿ ಕಳಿಸಿ.