ದೂರದ ಒಂಟೆ ನುಣ್ಣಗೆ

ವಿಶಾಖಪಟ್ಟಣ, ವಿಜಯವಾಡ ಎರಡೂ ಸೇರಿ ಆಂಧ್ರಕ್ಕೆ ಬಂದು ಇಪ್ಪತ್ತಾರು ವರ್ಷ ಆಯ್ತು. ಎರಡೂ ಊರಿನ ಕನ್ನಡದ ಗೆಳೆಯರ ಬಾಯಲ್ಲಿ ಒಂದು ಮಾತು ಕೇಳಿ ಕೇಳಿ ಸಾಕಾಗಿದೆ. ಟೀವಿಯಲ್ಲಿ ಸಹಾರಾದ ಟುವಾರೆಗ್ ಜನ ಬಂದರೆ ಸಾಕು, "ಆಹಾ, ಏನು ಸಂಸ್ಕೃತಿ ರೀ!" ಮುಖ ಮುಚ್ಚಿಕೊಳ್ಳುವ ಗಂಡಸರು, ನೀಲಿ ಮುಂಡಾಸು, ಗುಡಾರಕ್ಕೆ ಒಡತಿಯಾದ ಹೆಂಗಸು, ಬಿಲ್ಮಾದಿಂದ ಉಪ್ಪು ಹೊತ್ತು ಬರುವ ಒಂಟೆ ಸಾಲು. ಒಪ್ಪಿದೆ, ದೊಡ್ಡ ಸಂಸ್ಕೃತಿಯೇ. (ಅಲ್ಲೂ ಒಡೆಯ-ಆಳು ಅನ್ನೋ ಭೇದ ಇತ್ತು, ಟೀವಿ ಅದನ್ನು ಹೇಳಲ್ಲ, ಬಿಡಿ.) ಅದೇ ಬಾಯಿ, ಕಟ್ಟಡದ ಕೆಲಸಕ್ಕೆ ಬಂದ ಲಂಬಾಣಿ ಹೆಂಗಸನ್ನು ಕಂಡರೆ "ಗೇಟು ಹಾಕ್ಕೊಳ್ಳಿ, ಹುಷಾರು" ಅನ್ನುತ್ತೆ!

ಸ್ವಾಮಿ, ಇವರೂ ಉಪ್ಪಿನವರೇ. ಈ ಕರಾವಳಿಯ ಉಪ್ಪನ್ನು ಎತ್ತಿನ ಬೆನ್ನಿಗೇರಿಸಿ, ಘಟ್ಟ ಹತ್ತಿಸಿ ಒಳನಾಡಿಗೆ ಮುಟ್ಟಿಸಿದವರು. ಆ ವ್ಯಾಪಾರಕ್ಕೆ ಅವರ ಮಾತಿನಲ್ಲಿ ಲದೇಣಿ ಅಂತ ಹೆಸರು. ತಾಂಡಾ ಅಂದರೆ ನಮಗೀಗ ಊರಾಚೆಯ ಗುಡಿಸಲು. ಮೊದಲು ಅದು ನಡೆಯುವ ಊರು. ಅದಕ್ಕೊಬ್ಬ ನಾಯಕ, ಒಬ್ಬ ಕಾರಭಾರಿ, ಅದರದೇ ನ್ಯಾಯ. 1791ರಲ್ಲಿ ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಕಾರ್ನ್‌ವಾಲಿಸನ ಸೈನ್ಯ ಹಸಿದಾಗ ಧಾನ್ಯ ತಂದವೂ ಇವರ ಎತ್ತುಗಳೇ.

ರೈಲು ಬಂತು, ಎತ್ತು ಬೇಡವಾಯ್ತು. ಅನ್ನ ತಿಂದ ಇಂಗ್ಲಿಷರೇ ಅಲೆಮಾರಿಗಳ ಮೇಲೆ ಅಪರಾಧಿ ಬುಡಕಟ್ಟು ಕಾಯಿದೆ ಹೇರಿದರು. 1871ರದ್ದು ಅದು, ಮದ್ರಾಸ್ ಪ್ರಾಂತ್ಯಕ್ಕೆ 1911ರಲ್ಲಿ ಬಂತು. ಉಪ್ಪು ಹೊತ್ತ ಎರುಕಲರಿಗೂ (ನಮ್ಮ ಕಡೆಯ ಕೊರಚರ ಬಳಗ) ಅದೇ ಗತಿ. ವಿಜಯವಾಡದಿಂದ ಮದ್ರಾಸಿಗೆ ಹೋಗುವಾಗ ಬಾಪಟ್ಲ ದಾಟಿದ ಮೇಲೆ ಸ್ಟುವರ್ಟ್‌ಪುರಂ ಸಿಗುತ್ತಲ್ಲ, ಅದು ಅವರನ್ನು ಇಟ್ಟ ವಸಾಹತು. ಕಾಯಿದೆ 1952ರಲ್ಲಿ ಹೋಯ್ತು, "ಹುಷಾರು" ಮಾತ್ರ ಹೋಗಲಿಲ್ಲ.

"ಅವರಿಗೇನು ಕಮ್ಮಿ, ಮೀಸಲಾತಿ ಇದೆಯಲ್ಲ" ಅನ್ನುವವರು ಇದನ್ನೂ ನೋಡಿ. ಅನಂತಪುರದ ಅತ್ತೆ ಪರಿಶಿಷ್ಟ ಪಂಗಡ, ಗಡಿ ದಾಟಿದರೆ ಬಳ್ಳಾರಿಯ ಸೊಸೆ ಪರಿಶಿಷ್ಟ ಜಾತಿ, ಮಹಾರಾಷ್ಟ್ರದ ಬೀಗರು ಎರಡೂ ಅಲ್ಲ! ಒಂದೇ ಮಾತು, ಒಂದೇ ಸೇವಾಲಾಲರ ಭಕ್ತಿ. ಅವರಾಡುವ ಗೋರ್ ಬೋಲಿಗೆ ಎಂಟನೇ ಪರಿಚ್ಛೇದದಲ್ಲಿ ಇವತ್ತಿಗೂ ಜಾಗವಿಲ್ಲ.

ಇನ್ನು ಸಂಡೂರಿನ ಲಂಬಾಣಿ ಕಸೂತಿ. ಅದಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ಬಂದಿದೆ, ನಮ್ಮವರ ಸೋಫಾದ ಮೇಲೂ ಬಂದು ಕೂತಿದೆ. ಹೊಲಿದವಳನ್ನು ಆ ಸೋಫಾದಲ್ಲಿ ಕೂರಿಸಿದ ಒಂದು ಮನೆ ನನಗಿನ್ನೂ ಕಂಡಿಲ್ಲ.