ಕಷ್ಟದ ಸ್ಥಳವೇ ಒರೆಗಲ್ಲು

ಯಂತ್ರದ ಕೈಗಳಿಂದ ಶಸ್ತ್ರಕ್ರಿಯೆ ನಡೆಸುವ ವಿದ್ಯೆಯು ನಮ್ಮ ದೇಶದಲ್ಲಿಯೂ ಬೇರೂರಹತ್ತಿರುವದು. ೨೦೨೫ನೆಯ ಇಸವಿಯ ಜನವರಿಯಲ್ಲಿ ಗುರುಗ್ರಾಮದಲ್ಲಿ ಕುಳಿತ ಶಸ್ತ್ರವೈದ್ಯರು, ಸ್ವದೇಶದಲ್ಲಿಯೇ ನಿರ್ಮಿತವಾದ ಯಂತ್ರದ ಮೂಲಕ, ಮುನ್ನೂರು ಕಿಲೋಮೀಟರಿಗೆ ಸಮೀಪದ ದೂರದಲ್ಲಿರುವ ಜಯಪುರದ ರೋಗಿಗಳಿಗೆ ಹೃದಯದ ಶಸ್ತ್ರಕ್ರಿಯೆ ನೆರವೇರಿಸಿದರು. ಇದು ಅಭಿಮಾನಪಡತಕ್ಕ ಸಂಗತಿಯೆಂಬದರಲ್ಲಿ ಸಂದೇಹವಿಲ್ಲ. ಆದರೆ ಈ ಎರಡೂ ಅನುಕೂಲವುಳ್ಳ ಪಟ್ಟಣಗಳು. ಇಂಥ ಯಂತ್ರದ ನಿಜವಾದ ಯೋಗ್ಯತೆ ತಿಳಿಯಬೇಕಾದರೆ, ಅನುಕೂಲವೆಂಬದೇ ಇಲ್ಲದ ಸ್ಥಳದಲ್ಲಿ ಅದನ್ನು ನಿಲ್ಲಿಸಿ ನೋಡಬೇಕೆಂದು ನಾವು ಹೇಳುತ್ತೇವೆ.

ಅಂಥ ಸ್ಥಳವೆಂದರೆ ಎಂಥದು? ೧೯೬೧ನೆಯ ಇಸವಿಯ ಏಪ್ರಿಲ್ ೩೦ರ ರಾತ್ರಿ, ಅಂಟಾರ್ಕ್ಟಿಕಾ ಖಂಡದ ನೊವೊಲಾಜರೆವ್‌ಸ್ಕಾಯಾ ಎಂಬ ಸೋವಿಯತ್ ನೆಲೆಯಲ್ಲಿ ಲಿಯೊನಿದ್ ರೊಗೊಜೊವ್ ಎಂಬ ಇಪ್ಪತ್ತೇಳು ವರ್ಷದ ವೈದ್ಯನು ತನ್ನ ಹೊಟ್ಟೆಯನ್ನು ತಾನೇ ಕೊಯ್ದು, ಕೆಟ್ಟುಹೋಗಿದ್ದ ಅಪೆಂಡಿಕ್ಸನ್ನು ತೆಗೆದುಹಾಕಿದನು. ಆ ನೆಲೆಯಲ್ಲಿ ಬೇರೆ ವೈದ್ಯರಿರಲಿಲ್ಲ. ಹಿಮದ ಬಿರುಗಾಳಿಯಲ್ಲಿ ವಿಮಾನವು ಬರುವಂತಿರಲಿಲ್ಲ. ವಾಹನ ನಡೆಸುವವನೊಬ್ಬನು ಕನ್ನಡಿ ಹಿಡಿದನು. ಹವೆಯನ್ನು ಅಳೆಯುವವನೊಬ್ಬನು ಉಪಕರಣಗಳನ್ನು ಕೈಗಿತ್ತನು. ಸುಮಾರು ಒಂದೂ ಮುಕ್ಕಾಲು ತಾಸಿನಲ್ಲಿ ಕೆಲಸ ಮುಗಿಯಿತು, ವೈದ್ಯನು ಬದುಕಿದನು. ಅದೇ ಗುಡ್ಡಗಳ ಸಾಲಿನಲ್ಲಿ, ಕೆಲವೇ ಕಿಲೋಮೀಟರುಗಳಾಚೆ, ೧೯೮೯ರಿಂದ ನಮ್ಮ ಮೈತ್ರಿ ನೆಲೆಯು ಇರುವದೆಂಬದನ್ನು ವಾಚಕರು ಮರೆಯಬಾರದು. ನಮ್ಮ ಜನರು ಅಲ್ಲಿ ಚಳಿಗಾಲವನ್ನು ಕಳೆಯುತ್ತಾರೆ. ಆದುದರಿಂದ ಈ ಪ್ರಶ್ನೆಯು ಪರದೇಶದ ಸುದ್ದಿಯಲ್ಲ, ನಮ್ಮದೇ ಪ್ರಶ್ನೆ.

ಈ ಯಂತ್ರವಿದ್ಯೆಯು ಹುಟ್ಟಿದ್ದೇ ಕಷ್ಟದ ಸ್ಥಳದ ಚಿಂತೆಯಿಂದ. ರಣರಂಗದ ಗಾಯಾಳುವನ್ನು ದೂರದಲ್ಲಿರುವ ವೈದ್ಯನು ಉಪಚರಿಸುವಂತಾಗಬೇಕೆಂದು ಅಮೇರಿಕದ ಸೈನ್ಯವು ಈ ಸಂಶೋಧನೆಗೆ ಹಣವಿತ್ತಿತು. ಆದರೆ ಯಂತ್ರವು ಬೆಳೆದದ್ದು ದೊಡ್ಡ ಆಸ್ಪತ್ರೆಗಳ ತಂಪಾದ ಕೋಣೆಗಳಲ್ಲಿ; ಅಲ್ಲಿ ಅದರ ತೂಕವು ನೂರಾರು ಕಿಲೋಗ್ರಾಮಿಗೆ ಏರಿತು. ೨೦೦೧ನೆಯ ಸೆಪ್ಟೆಂಬರ್ ೭ರಂದು ನ್ಯೂಯಾರ್ಕಿನಲ್ಲಿ ಕುಳಿತ ಝಾಕ್ ಮಾರೆಸ್ಕೊ ಎಂಬ ಫ್ರೆಂಚ್ ವೈದ್ಯರು ಸ್ಟ್ರಾಸ್‌ಬುರ್ಗಿನಲ್ಲಿದ್ದ ಒಬ್ಬ ಹೆಂಗಸಿನ ಪಿತ್ತಕೋಶವನ್ನು ತೆಗೆದದ್ದು ಲೋಕಪ್ರಸಿದ್ಧವೇ ಇದೆ. ಅದಕ್ಕಾಗಿ ಸಾಗರದಾಚೆಯವರೆಗೂ ವಿಶೇಷವಾದ ತಂತಿಮಾರ್ಗವನ್ನು ಕಾದಿರಿಸಬೇಕಾಯಿತು.

ಕೆಲವು ಸಂಶೋಧಕರು ಆ ಮೇಲೆ ಯಂತ್ರವನ್ನು ಬೇಕೆಂದೇ ಕಷ್ಟಕ್ಕೆ ಒಡ್ಡಿದರು. ೨೦೦೪ರಲ್ಲಿ ಫ್ಲಾರಿಡಾದ ಸಮುದ್ರದಡಿಯಲ್ಲಿರುವ ಅಕ್ವೇರಿಯಸ್ ಎಂಬ ವಸತಿಯ ನಿವಾಸಿಗಳಿಗೆ ಕೆನಡಾದ ಮೆಹ್ರಾನ್ ಅನ್ವರಿಯವರು ದೂರದಿಂದಲೇ ಶಸ್ತ್ರಕ್ರಿಯೆಯ ಪ್ರಯೋಗಗಳನ್ನು ಮಾಡಿಸಿದರು. ೨೦೦೬ರಲ್ಲಿ ವಾಶಿಂಗ್ಟನ್ ವಿಶ್ವವಿದ್ಯಾಲಯದವರು ತಮ್ಮ ರೇವನ್ ಯಂತ್ರವನ್ನು ಕ್ಯಾಲಿಫೋರ್ನಿಯಾದ ಬಿಸಿಲಿಗೂ ಧೂಳಿಗೂ ಹೊತ್ತೊಯ್ದು, ಚಾಲಕನಿಲ್ಲದ ವಿಮಾನದ ಮೂಲಕ ಸಂದೇಶ ಕಳುಹಿಸಿ ನಡೆಸಿದರು. ೨೦೨೪ರ ಫೆಬ್ರುವರಿಯಲ್ಲಿ ನೆಬ್ರಾಸ್ಕಾದವರು ನಿರ್ಮಿಸಿದ, ಒಂದು ಕಿಲೋಗ್ರಾಮಿಗಿಂತ ಹಗುರಾದ ಮಿರಾ ಎಂಬ ಯಂತ್ರವು ಅಂತರಿಕ್ಷ ನಿಲ್ದಾಣದಲ್ಲಿ, ಭೂಮಿಯಲ್ಲಿದ್ದ ವೈದ್ಯರ ಅಪ್ಪಣೆಯಂತೆ, ರಬ್ಬರಿನ ಪಟ್ಟಿಗಳನ್ನು ಕತ್ತರಿಸಿತು.

ರಬ್ಬರಿನ ಪಟ್ಟಿಯೇ ಎಂದು ನಗುವವರು ಅಲ್ಲಿಯ ಅಡಚಣೆಯನ್ನು ಅರಿಯರು. ವೈದ್ಯನು ಕೈಯಾಡಿಸಿದ ಅರ್ಧದಿಂದ ಮುಕ್ಕಾಲು ಸೆಕೆಂಡಿನ ತರುವಾಯ ಅದರ ಫಲವು ಅವನ ಕಣ್ಣಿಗೆ ಬೀಳುತ್ತಿತ್ತು. ಅಷ್ಟರೊಳಗೆ ಕತ್ತಿಯು ರಕ್ತನಾಳವನ್ನು ದಾಟಿ ಹೋಗಬಲ್ಲದು. ಚಂದ್ರನಿಗೆ ಸಂದೇಶ ಹೋಗಿ ಬರಲು ಎರಡೂವರೆ ಸೆಕೆಂಡಿಗಿಂತ ಹೆಚ್ಚು ಬೇಕು. ಮಂಗಳನಿಗಾದರೋ ಹೋಗುವದಕ್ಕೇ ಮೂರರಿಂದ ಇಪ್ಪತ್ತೆರಡು ನಿಮಿಷ. ಅಲ್ಲಿ ಭೂಮಿಯ ವೈದ್ಯನು ಸಲಹೆಗಾರನಾಗಬಲ್ಲನೇ ಹೊರತು ಕೈಗಾರನಾಗಲಾರನು. ಇದಲ್ಲದೆ ಅಂತರಿಕ್ಷದಲ್ಲಿ ರಕ್ತವು ಕೆಳಗೆ ಹರಿಯದೆ ಗಾಯದ ಮೇಲೆಯೇ ಗುಮ್ಮಟವಾಗಿ ನಿಲ್ಲುವದು. ಕಡುಶೀತದಲ್ಲಿ ಕೀಲೆಣ್ಣೆಯು ಗಟ್ಟಿಯಾಗುವದು. ಮರುಭೂಮಿಯಲ್ಲಿ ಧೂಳು ಕೀಲುಗಳನ್ನು ಹೊಗುವದು. ಉಪಕರಣಗಳನ್ನು ಹಬೆಯಲ್ಲಿ ಶುದ್ಧಿಗೊಳಿಸಲು ಬೇಕಾದ ನೀರೂ ವಿದ್ಯುತ್ತೂ ಎಲ್ಲಿಯೂ ಧಾರಾಳವಾಗಿರುವದಿಲ್ಲ.

ಹೊಟ್ಟೆಗೆ ಹಿಟ್ಟಿಲ್ಲದಿರುವಾಗ ಜುಟ್ಟಿಗೆ ಮಲ್ಲಿಗೆಯೇ, ತಾಲೂಕಿನ ಆಸ್ಪತ್ರೆಗೆ ಶಸ್ತ್ರವೈದ್ಯನೇ ಇಲ್ಲದಿರುವಾಗ ಅಂತರಿಕ್ಷದ ಚಿಂತೆಯೇಕೆ, ಎಂದು ಕೆಲವರು ಆಕ್ಷೇಪಿಸಬಹುದು. ಆ ಆಕ್ಷೇಪದಲ್ಲಿ ತಿರುಳಿದೆ. ಆದರೆ ಹಿಮದ ನೆಲೆಯು ಬೇಡುವ ಗುಣಗಳಾವವು? ಯಂತ್ರವು ಹಗುರಾಗಿರಬೇಕು, ಕಡಿಮೆ ವಿದ್ಯುತ್ತಿನಿಂದ ನಡೆಯಬೇಕು, ಸಂದೇಶವು ಕಡಿದರೆ ಹಾನಿಮಾಡದೆ ತಟ್ಟನೆ ನಿಲ್ಲಬೇಕು, ಮುರಿದುದನ್ನು ಅಲ್ಲಿದ್ದವರೇ ದುರಸ್ತಿಗೊಳಿಸುವಂತಿರಬೇಕು. ವಿದ್ಯುತ್ತು ಪದೇ ಪದೇ ಹೋಗುವ, ಮಳೆಗಾಲದಲ್ಲಿ ದಾರಿ ಕಡಿಯುವ ನಮ್ಮ ದೂರದ ಊರುಗಳ ಆಸ್ಪತ್ರೆಯು ಬೇಡುವದೂ ಇವೇ ಗುಣಗಳನ್ನು. ಧ್ರುವಕ್ಕೆ ಸಲ್ಲುವ ಯಂತ್ರವು ತಾಲೂಕಿಗೂ ಸಂದೀತು. ಅರಮನೆಗಾಗಿ ಮಾಡಿದ ಯಂತ್ರವು ಎರಡಕ್ಕೂ ಸಲ್ಲದು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ದೂರದ ಕೈ ಎಷ್ಟೇ ನಿಪುಣವಾಗಿದ್ದರೂ ಹತ್ತಿರದ ಕೈ ಇಲ್ಲದೆ ಶಸ್ತ್ರಕ್ರಿಯೆಯು ಸಾಗದು. ರೋಗಿಗೆ ಅರಿವಳಿಕೆ ಕೊಡುವವರೂ, ಯಂತ್ರವು ಕೈಕೊಟ್ಟರೆ ಗಾಯವನ್ನು ಮುಚ್ಚುವವರೂ ಮಗ್ಗುಲಲ್ಲಿಯೇ ಇರಬೇಕು. ಯಂತ್ರ ಬಂದಿತೆಂದು ವೈದ್ಯರ ಹಾಗೂ ದಾದಿಯರ ಹುದ್ದೆಗಳನ್ನು ಬರಿದಾಗಿಡುವದು ರೋಗಿಯ ಪ್ರಾಣದೊಡನೆ ಜೂಜಾಡಿದಂತೆಯೇ ಸರಿ.

ನಮ್ಮ ಸರಕಾರವು ೨೦೩೫ರ ಹೊತ್ತಿಗೆ ಸ್ವಂತ ಅಂತರಿಕ್ಷ ನಿಲ್ದಾಣವನ್ನು ಸ್ಥಾಪಿಸುವ ಸಂಕಲ್ಪವನ್ನು ಸಾರಿದೆ. ಮಾನವರನ್ನು ಅಂತರಿಕ್ಷಕ್ಕೆ ಕಳುಹಿಸುವ ಕಾರ್ಯದ ಕೇಂದ್ರವು ಬೆಂಗಳೂರಿನಲ್ಲಿಯೇ ಇರುವದು. ಆ ಕೇಂದ್ರದವರೂ, ಅಂಟಾರ್ಕ್ಟಿಕಾ ನೆಲೆಗಳನ್ನು ನಡೆಸುವವರೂ, ಆರೋಗ್ಯ ಇಲಾಖೆಯವರೂ ಕೂಡಿ ಕುಳಿತು, ಇಂಥ ಯಂತ್ರಗಳಿಗೆ ಒಂದೇ ಕಟ್ಟಳೆಯನ್ನು ಗೊತ್ತುಪಡಿಸತಕ್ಕದ್ದು. ಚಳಿ, ಧೂಳು, ವಿದ್ಯುತ್ತಿನ ಅಭಾವ, ಸಂದೇಶದ ವಿಳಂಬ, ಈ ನಾಲ್ಕು ಪರೀಕ್ಷೆಗಳಲ್ಲಿ ತೇರ್ಗಡೆಯಾಗದ ಯಂತ್ರಕ್ಕೆ ಪ್ರಜೆಗಳ ಹಣದಿಂದ ಒಂದು ಕಾಸನ್ನೂ ಕೊಡಬಾರದು. ನಗರದ ಧನಿಕನಿಗೆ ಇನ್ನೊಂದು ಅನುಕೂಲ ಒದಗಿಸುವದಕ್ಕಲ್ಲ, ವೈದ್ಯನು ತಲುಪಲಾರದ ರೋಗಿಯನ್ನು ತಲುಪುವದಕ್ಕಾಗಿ ಈ ವಿದ್ಯೆಯು ಹುಟ್ಟಿತು. ಅಧಿಕಾರಿಗಳು ಆ ಮೂಲ ಉದ್ದೇಶವನ್ನು ಮರೆಯದೆ ನಡೆಯುವರೆಂದು ನಾವು ಆಶಿಸುತ್ತೇವೆ.