ಟ್ರಿಬ್ಯೂಟ್ ಅಂದ್ರ ಹೆಸರು ಹೇಳೋದು (ಭಾಗ 3)

ದೋಸ್ತರೇ, ಒಬ್ಬ ಗಾಣಗಾಪುರ, ಒಬ್ಬಾಕಿ ಅಫಜಲಪುರ, ಮತ್ತೊಬ್ಬ ಕಲಬುರಗಿಯಾಗ ಕುಂತು, ಫೋನ್‌ನಾಗ ರೆಕಾರ್ಡ್ ಮಾಡಿ ಜೋಡಿಸಿ ಹಳೇ ಹಾಡಿನ ಕವರ್ ಹಾಕ್ತೀರಿ. ಭಾಳ ಚಲೋ. ಆದ್ರ ‘ಟ್ರಿಬ್ಯೂಟ್’ ಅಂತ ಬರದು, ನಿಮ್ಮ ಹಾಡುಗಾರನ ಹೆಸರೊಂದೇ ಹಾಕಿದ್ರ ಅದು ಯಾರಿಗೆ ಟ್ರಿಬ್ಯೂಟ್?

ಗಿಟಾರ್ ಹಿಡಿದೋರೆಲ್ಲ ನುಡಿಸೋ ‘ಜೊತೆಯಲಿ’ ತಗೋರಿ. 1981ರ ‘ಗೀತಾ’. ಶಂಕರ್ ನಾಗ್ ನಿರ್ದೇಶನ, ಇಳಯರಾಜಾ ಸಂಗೀತ, ಚಿ. ಉದಯಶಂಕರ್ ಸಾಹಿತ್ಯ, ಎಸ್‌ಪಿಬಿ ಮತ್ತು ಎಸ್. ಜಾನಕಿ ಧ್ವನಿ.

‘ಎಲ್ಲರಿಗೂ ಗೊತ್ತದ, ಯಾಕ ಬರೀಬೇಕು?’ ಅಂತೀರಿ. ಗೊತ್ತಿರಲ್ಲ. ಅದೇ ಟ್ಯೂನ್ ಇಳಯರಾಜಾ ಅವರೇ 2007ರ ಹಿಂದಿ ‘ಚೀನಿ ಕಮ್’ನಾಗ ಮತ್ತೆ ಬಳಸಿದರು. ವರ್ಷ, ಹೆಸರು ಹಾಕದಿದ್ರ ನಾಳೆ ಕೇಳೋರು ಕನ್ನಡದ್ದೇ ಕಾಪಿ ಅಂತಾರ.

ನಮ್ಮ ಕಡೆ ಭಜನಿ ಮಂದೀನ ನೋಡ್ರಿ. ಕೊನೀ ನುಡಿಯಾಗ ಅಂಕಿತ ಬರ್ತದ. ಪುರಂದರ ವಿಠಲ ಅಂದ್ರ ಪುರಂದರದಾಸರು, ಶಿಶುನಾಳಧೀಶ ಅಂದ್ರ ಶರೀಫರು. ಅದನ್ನ ನುಂಗಿ ಯಾರೂ ಹಾಡಲ್ಲ. ಸಿನಿಮಾ ಹಾಡಿಗೆ ಅಂಕಿತ ಇಲ್ಲ. ಆ ಜಾಗ ನಿಮ್ಮ ಕ್ಯಾಪ್ಶನ್ನೇ.

ಬರದವರು, ಸಂಗೀತ ಕೊಟ್ಟವರು, ಮೊದಲು ಹಾಡಿದವರು. ಆಮೇಲೆ ನಿಮ್ಮ ತಬಲಾದವ, ಎಡಿಟ್ ಮಾಡಿದಾಕಿ. ಐದೇ ಸಾಲು. ಅಷ್ಟೂ ಬರೀಲಿಕ್ಕೆ ಆಗಲ್ಲಂದ್ರ ‘ಟ್ರಿಬ್ಯೂಟ್’ ಅನ್ನೋ ಮಾತು ತಗೀರಿ.

#ಗಾಣಗಾಪುರ #ಹೆಸರುಹಾಕ್ರಿ